ಗಂಟು ಜಾರಿರಲಿಲ್ಲ

ಗಂಗಾವತಿಯ ಆ ಮನೆಯವರಿಗೆ ಸರಪಳಿಯ ಜೋಕಾಲಿ ಬೇಡವಾಗಿತ್ತು. ಅಕ್ಕಿ ಗಿರಣಿ ನಡೆಸುವ ಮನೆತನ, ಹೊಸದಾಗಿ ಮನೆ ಕಟ್ಟಿಸಿದ್ದರು. ಸ್ಲ್ಯಾಬ್ ಹಾಕುವಾಗಲೇ ಹಾಲ್‌ನಲ್ಲಿ ಎರಡು ದಪ್ಪ ಕೊಂಡಿ ಬಿಡಿಸಿದ್ದರು. "ಸರಪಳಿ ಕಿರಗುಡತೈತಿ, ಮಧ್ಯಾಹ್ನ ಒರಗಿದವರಿಗೆ ನಿದ್ದಿ ಇರೂದಿಲ್ಲ. ಹಗ್ಗದ್ದ ಆಗಲಿ, ಆದ್ರ ನೋಡಾಕ ಛಂದ ಇರಬೇಕು" ಎಂದು ಮನೆಯ ಯಜಮಾನಿ ನನ್ನ ತಮ್ಮನಿಗೆ ಹೇಳಿದ್ದರು. ತಮ್ಮ ಬಂದು ನನಗೆ ಹೇಳಿದ.

ನಮ್ಮ ಕೆಲಸ ಹಂಚಿಕೆಯಾಗಿದ್ದೇ ಹಾಗೆ. ಕೊಪ್ಪಳದ ಮಗ್ಗುಲಲ್ಲೇ ಇರುವ ಭಾಗ್ಯನಗರದ ನನ್ನ ಮನೆಯ ಹಿಂದಿನ ಕೋಣೆಯಲ್ಲಿ ನಾನು ಗಂಟು ಹಾಕುತ್ತಿದ್ದೆ. ಕೊಪ್ಪಳದಲ್ಲಿ ಅವ್ವನ ಜೊತೆಗಿರುವ ತಮ್ಮ ಗಿರಾಕಿ ಹುಡುಕುತ್ತಿದ್ದ, ಹಗ್ಗ ತರುತ್ತಿದ್ದ, ಮಾಡಿದ್ದನ್ನು ಮುಟ್ಟಿಸುತ್ತಿದ್ದ. ಅವನ ಮೊಬೈಲ್ ಅಂಗಡಿ ಮುಚ್ಚಿ ಕೈಖಾಲಿ ಕೂತಿದ್ದಾಗ ನಾನೇ ಅವನನ್ನು ಈ ಕೆಲಸಕ್ಕೆ ಕರೆದಿದ್ದೆ. ಗಂಟು ಹಾಕುವುದನ್ನೂ ಕಲಿಸಿದ್ದೆ. ಕೈ ಅಷ್ಟೇನೂ ಕೂಡಲಿಲ್ಲ, ಆದರೆ ಮಾತು ಬೇಗ ಕಲಿತ. ಗಿರಾಕಿಗಳ ಮುಂದೆ ಗಂಟುಗಳ ಹೆಸರು ಹೇಳುವಾಗ ನನಗಿಂತ ಚೆನ್ನಾಗಿ ಹೇಳುತ್ತಿದ್ದ.

ಆ ಹೆಸರುಗಳೆಲ್ಲ ನಮ್ಮ ಅಜ್ಜಿಯವು. ಅಜ್ಜಿ ಪುಂಡಿನಾರಿನ ನೆಲುವು ಹೆಣೆಯುತ್ತಿದ್ದಳು. ಬೆಣ್ಣೆ, ಮೊಸರಿನ ಗಡಿಗೆಗಳು ಬೆಕ್ಕಿಗೆ ಸಿಗದಂತೆ ತೊಲೆಗೆ ತೂಗುಹಾಕುವ ಹಗ್ಗದ ಬುಟ್ಟಿ ಅದು. ನಡುವಿನ ಎಳೆಗಳ ಮೇಲೆ ಒಮ್ಮೆ ಎಡದಿಂದ, ಒಮ್ಮೆ ಬಲದಿಂದ ಹಾಯಿಸಿ ಬಿಗಿದರೆ ಜೋಡುಗಂಟು. ಬರೀ ಒಂದೇ ಕಡೆಯಿಂದ ಹಾಯಿಸುತ್ತ ಹೋದರೆ ಹೆಣಿಗೆ ತಾನಾಗಿಯೇ ತಿರುಗಿಕೊಳ್ಳುತ್ತದೆ, ಅದು ಸುರುಳಿಗಂಟು. ಎಳೆದಂತೆ ಓಡಾಡುವುದು ಜೀರುಗುಣಿಕೆ. ತುದಿಯಲ್ಲಿ ಗುಂಡಗೆ ಕೂರುವುದು ಗುಂಡುಗಂಟು. ಬೇರೆ ಊರಲ್ಲಿ ಬೇರೆ ಹೆಸರಿರಬಹುದು, ನಾನು ಅಜ್ಜಿಯವನ್ನೇ ಉಳಿಸಿಕೊಂಡೆ. ಇವನ್ನೆಲ್ಲ ಅವಳು ಎರಡೇ ಪಾಲು ಮಾಡುತ್ತಿದ್ದಳು: ನೋಡಲಿಕ್ಕಿರುವ ಹೂಗಂಟು, ಭಾರ ತಾಳುವ ಹೊರೆಗಂಟು. "ಹೂಗಂಟಿಗೆ ಹೊರಿ ಹೊರಸಬ್ಯಾಡ" ಎನ್ನುತ್ತಿದ್ದಳು.

ಕೆಟ್ಟಾಗಲೂ ಒಂದೊಂದಕ್ಕೆ ಒಂದೊಂದು ಮಾತು. ಗಂಟು ಸಡಿಲಾಯಿತು ಎಂದರೆ ಬಿಗಿದದ್ದು ಸಾಲದು. ಗಂಟು ಜಾರಿತು ಎಂದರೆ ಹಾಕಿದ್ದೇ ತಪ್ಪು. ಹಗ್ಗ ಸವೆಯಿತು ಎಂದರೆ ಉಜ್ಜುವ ಜಾಗ ನೋಡಿಕೊಳ್ಳಲಿಲ್ಲ. ಹಗ್ಗ ಹರಿಯಿತು ಎಂದರೆ ಹಗ್ಗದಲ್ಲೇ ಸತ್ವವಿರಲಿಲ್ಲ. ಒಂದರ ಬದಲು ಇನ್ನೊಂದನ್ನು ನಾವು ಆಡುವುದಿಲ್ಲ, ಯಾಕೆಂದರೆ ಆ ಮಾತಿನಲ್ಲೇ ಯಾರ ತಪ್ಪು ಎಂಬುದೂ ಇರುತ್ತದೆ. ಇದನ್ನೂ ತಮ್ಮನಿಗೆ ಕಲಿಸಿದ್ದೆ.

ಗಂಗಾವತಿ ಜೋಕಾಲಿಗೆ ಸಾಗವಾನಿ ಹಲಗೆ ಅವರದೇ. ನಾನು ಮಾಡಬೇಕಿದ್ದದ್ದು ಹಗ್ಗದ ಕೆಲಸ. ಎರಡು ಸ್ಟೀಲ್ ರಿಂಗು, ಒಂದೊಂದು ರಿಂಗಿಗೆ ಒಂದೊಂದು ದಪ್ಪ ಹಗ್ಗ. ಹಗ್ಗವನ್ನು ನಡುವಿಗೆ ಮಡಚಿ ರಿಂಗಿಗೆ ಕುಣಿಕೆ ಹಾಕಿ, ಅದು ಸರಿಯದಂತೆ ಕೆಳಗೊಂದು ಹೊರೆಗಂಟು ಬಿಗಿದರೆ ಎರಡು ಕಾಲು ಇಳಿಯುತ್ತವೆ, ಹಲಗೆಯ ಮುಂದಿನ ಮೂಲೆಗೊಂದು, ಹಿಂದಿನ ಮೂಲೆಗೊಂದು. ಹಲಗೆಯ ತೂತಿನ ಕೆಳಗೆ ಗುಂಡುಗಂಟು. ಭಾರವೆಲ್ಲ ಈ ದಪ್ಪ ಹಗ್ಗದ್ದು. ಅದರ ಸುತ್ತ ತೆಳು ಹುರಿಯಿಂದ ಮೇಲಿಂದ ಕೆಳಗಿನವರೆಗೆ ಹೂಗಂಟು ಹೆಣೆಯುತ್ತ ಬಂದರೆ ದಪ್ಪ ಹಗ್ಗ ಕಾಣುವುದೇ ಇಲ್ಲ.

ಮೊದಲು ತಮ್ಮ ಒಂದು ತುಂಡು ಹಗ್ಗ ತಂದ. ಹಿತ್ತಲಿನ ಬೇವಿನ ಮರಕ್ಕೆ ಅದನ್ನು ಕಟ್ಟಿ, ಎರಡು ಜೋಳದ ಚೀಲ ತೂಗುಹಾಕಿ, ಅದರ ಮೇಲೆ ನಾನೂ ಹತ್ತಿ ಕೂತೆ. ಮಗ್ಗದ ಕೆಲಸ ಮುಗಿಸಿ ಬಂದ ನಮ್ಮ ಮನೆಯವರು ನೋಡಿ ನಕ್ಕರು. ಮರುದಿನ ಗಂಟು ಬಿಚ್ಚಿ ನೋಡಿದೆ. ಎಳೆಗಳು ಒತ್ತಿಕೊಂಡಿದ್ದವು, ಒಂದೂ ಕಿತ್ತಿರಲಿಲ್ಲ. ಹಗ್ಗ ಛಲೋ ಇದೆ, ಇದನ್ನೇ ತಾ ಎಂದೆ.

ಆಮೇಲೆ ಅವನು ತಂದದ್ದು ಯಾವಾಗಿನಂತೆ ಹಗ್ಗದ ಇಡೀ ಸುತ್ತು ಅಲ್ಲ, ಅಳತೆಗೆ ಕತ್ತರಿಸಿದ ತುಂಡುಗಳು. ತುದಿಗಳಿಗೆಲ್ಲ ಬಿಳಿ ಟೇಪು ಬಿಗಿಯಾಗಿ ಸುತ್ತಿತ್ತು.

"ಕತ್ತರಿಸಿ ಯಾಕ ತಂದಿ?" ಎಂದೆ. ಅದು ಯಾವಾಗಲೂ ನನ್ನ ಕೆಲಸ.

"ನಿನ್ನ ಕೆಲಸ ಹಗರ ಆಗಲಿ ಅಂತ. ತುದಿ ಬಿಚ್ಚಿಕೊಳ್ಳಬಾರದಂತ ಟೇಪು ಹಾಕ್ಸೀನಿ."

"ಸ್ವಲ್ಪ ಮೆತ್ತಗೈತಲ್ಲೋ ಇದು."

"ಈ ಸಲ ತೊಳದು ಕೊಟ್ಟಾರಕ್ಕ. ಮನಿಯೊಳಗ ಕುಂದ್ರೂದಲ್ಲ, ಕೈಗೆ ಮೆತ್ತಗಿರಬೇಕು."

ನನಗದು ಸರಿ ಎನಿಸಿತು. ತಮ್ಮ ನನ್ನ ಕೆಲಸ ಹಗುರ ಮಾಡಲು ನೋಡಿದ್ದಾನೆ ಎಂದು ಖುಷಿಯೂ ಆಯಿತು.

ಹೂಗಂಟಿನ ಕೆಲಸ ಹೇಳಿದಷ್ಟು ಸಲೀಸಾಗಿ ಆಗಲಿಲ್ಲ. ಗಂಟು ಹಾಕುವ ಹುರಿ, ಮುಗಿದ ಹೆಣಿಗೆಯ ನಾಲ್ಕರಷ್ಟಾದರೂ ಉದ್ದವಿರಬೇಕು. ಸುರುಳಿಗಂಟು ಇನ್ನೂ ಹೆಚ್ಚು ತಿನ್ನುತ್ತದೆ. ಯಜಮಾನಿ ನಡುವೆ ಫೋನ್ ಮಾಡಿ ಸುರುಳಿಯನ್ನೇ ಹೆಚ್ಚು ಹಾಕಲು ಹೇಳಿದ್ದರಿಂದ ನನ್ನ ಲೆಕ್ಕ ತಪ್ಪಿತು. ಎರಡು ಕಾಲುಗಳಲ್ಲಿ ಹುರಿ ಅರ್ಧಕ್ಕೇ ಮುಗಿಯಿತು. ಜೋಡಿಸಿದರೆ ಜೋಡಿಸಿದ ಜಾಗ ಉಬ್ಬುತ್ತದೆ. ಒಂದನ್ನು ಪೂರ್ತಿ ಬಿಚ್ಚಿ ಹೊಸ ಹುರಿಯಲ್ಲಿ ಮತ್ತೆ ಹೆಣೆದೆ. ಇನ್ನೊಂದರಲ್ಲಿ ತುದಿಗಳನ್ನು ಗಂಟುಗಳ ಹಿಂದೆ ದಬ್ಬಳದಿಂದ ತೂರಿಸಿ ಮುಚ್ಚಿದೆ. ಇಷ್ಟರಲ್ಲಿ ತಮ್ಮ ದಿನ ಬಿಟ್ಟು ದಿನ ಫೋನ್ ಮಾಡಿ ಅವಸರ ಮಾಡುತ್ತಿದ್ದ. ಕೊಪ್ಪಳದಲ್ಲಿ ಅವನದೇ ಒಂದು ಅಂಗಡಿ ತೆರೆಯುವ ತಯಾರಿ ನಡೆದಿತ್ತು. ಯಲಬುರ್ಗಾದ ಒಂದು ಸಣ್ಣ ಮಕ್ಕಳ ಶಾಲೆಯವರಿಗೆ ಪಡಸಾಲೆಗೆ ಒಂದು ಪುಟ್ಟ ಜೋಕಾಲಿ ಬೇಕು ಎಂದು ಅದನ್ನೂ ನಡುವೆಯೇ ಮಾಡಿಸಿಕೊಂಡ. ಅದಕ್ಕೂ ಅವನೇ ತುಂಡು ಹಗ್ಗ ಕತ್ತರಿಸಿ ತಂದ.

ಗಂಗಾವತಿಯಲ್ಲಿ ಜೋಕಾಲಿ ತೂಗುಹಾಕಿದ ದಿನ ಹಲಗೆ ಒಂದು ಕಡೆ ವಾಲಿತು. ಹಲಗೆಯ ಮೇಲೆ ತಾಟಿನಲ್ಲಿ ನೀರಿಟ್ಟು, ನೀರು ಸಮ ನಿಲ್ಲುವವರೆಗೆ ಗುಂಡುಗಂಟುಗಳನ್ನು ಬಿಚ್ಚಿ ಕಟ್ಟಿ ಮಾಡಿದೆ. ಯಜಮಾನಿ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಮಂಡಿನೋವಿನ, ಹಸನ್ಮುಖದ ಹೆಂಗಸು. "ಇದಕ್ಕೇನಂತಾರ? ಇದಕ್ಕ?" ಎಂದು ಒಂದೊಂದನ್ನೂ ಮುಟ್ಟಿ ಕೇಳಿದರು. ನಾನು ಹೇಳಿದೆ. ಹೊರೆಗಂಟಿನ ಸರದಿ ಬಂದಾಗ, "ಹಂಗಾರ ಎಲ್ಲಾ ಅದರ ಮ್ಯಾಲೈತಿ ಅನ್ನು" ಎಂದರು. ಹೌದ್ರಿ ಅಮ್ಮಾರ ಎಂದೆ. ಅವರು ಕೂತು, ಕಾಲು ನೆಲಕ್ಕೊತ್ತಿ ಮೆಲ್ಲಗೆ ತೂಗಿಕೊಂಡರು. ಸದ್ದೇ ಇರಲಿಲ್ಲ. ಊಟ ಹಾಕಿ ಕಳಿಸಿದರು.

ಮಳೆಗಾಲ ಮುಗಿದು ಚಳಿ ಶುರುವಾಗಿತ್ತು. ಒಂದು ಬೆಳಿಗ್ಗೆ ತಮ್ಮ ಫೋನ್ ಮಾಡಿದ.

"ಅಕ್ಕಾ, ಗಂಗಾವತಿ ಜೋಕಾಲಿ ಬಿದ್ದೈತಿ. ಅಮ್ಮಾರ ಕೈ ಮುರದೈತಿ. ಗಂಟು ಜಾರೇತಿ."

"ಯಾವ ಗಂಟು?"

"ಮ್ಯಾಲಿಂದು. ರಿಂಗಿನ ಕೆಳಗಿಂದು."

"ನೀ ನೋಡಿದೇನು?"

"ನಿನ್ನೇನ ಹೋಗಿ ನೋಡಿ ಬಂದೀನಿ. ಹಲಗಿ ಇಳಿಸಿ ಇಟ್ಟೀನಿ. ಅವರಿಗೆ ಹೇಳೀನಿ, ಅಕ್ಕನ ಕೈ ಎಲ್ಲೋ ತಪ್ಪೇತಿ ಅಂತ. ನೀ ಈಗ ಅಲ್ಲಿ ಹೋಗಬ್ಯಾಡ, ಸಿಟ್ಟಿನ್ಯಾಗ ಅದಾರ. ನಾ ಸುಧಾರಸ್ತೀನಿ."

ಆ ಮಾತನ್ನು ನಾನು ನಂಬಿದೆ. ನಂಬದಿರಲು ಕಾರಣವೇ ಇರಲಿಲ್ಲ. ಇಡೀ ದಿನ ಕಿಟಕಿಯ ಸರಳಿಗೆ ಅದೇ ಕುಣಿಕೆ, ಅದೇ ಹೊರೆಗಂಟು ಕಟ್ಟಿ ಜಗ್ಗಿ ನೋಡಿದೆ. ಜಾರಲಿಲ್ಲ. ಹಾಗಾದರೆ ಅಂದು ಕೊನೆಯ ಸುತ್ತು ಹಾಕುವುದು ಮರೆತೆನೇ? ಹಲಗೆ ಸಮ ಮಾಡುವ ಗಡಿಬಿಡಿಯಲ್ಲಿ ಮೇಲಿನದನ್ನು ಮತ್ತೆ ಬಿಗಿಯದೆ ಬಿಟ್ಟೆನೇ? ನೆನಪು ಮಾಡಿಕೊಂಡಷ್ಟೂ ನನ್ನ ಕೈಗಳ ಮೇಲೆಯೇ ನನಗೆ ಅನುಮಾನ ಬರತೊಡಗಿತು. ನಮ್ಮ ಮನೆಯವರು ತಟ್ಟೆಯ ಮುಂದೆ ಕೂತು ನೋಡುತ್ತಿದ್ದರು. ಕೊನೆಗೆ, "ಇಲ್ಲಿ ಕುಂತು ಕಟ್ಟಿದ್ರ ಏನ ತಿಳೀತೈತಿ? ಅಲ್ಲಿ ಹೋಗಿ ನೋಡಿ ಬಾ. ಬೈದ್ರ ಬೈಲಿ. ಅವರ ಕೈ ಮುರದೈತಿ, ಬೈಯೂದು ಬ್ಯಾಡೇನು?" ಎಂದರು.

ಮರುದಿನ ಗಂಗಾವತಿ ಬಸ್ಸು ಹತ್ತಿದೆ. ಯಜಮಾನಿ ಕೈಗೆ ಪಟ್ಟಿ ಹಾಕಿಕೊಂಡು ಅದೇ ಕುರ್ಚಿಯಲ್ಲಿ ಕೂತಿದ್ದರು. ಬೈಯಲಿಲ್ಲ. "ಬಾರವಾ" ಎಂದರು, ಅಷ್ಟೇ. ಹಲಗೆ ಗೋಡೆಗೆ ಆನಿಸಿತ್ತು. ಹಗ್ಗಗಳು ಅದರ ಮೇಲಿರಲಿಲ್ಲ. ತಮ್ಮ ಒಯ್ದಿದ್ದ.

ತಲೆ ಎತ್ತಿ ನೋಡಿದೆ. ಮೇಲೆ ರಿಂಗುಗಳು ಹಾಗೇ ಇದ್ದವು. ಅಷ್ಟು ಎತ್ತರಕ್ಕೆ ಅವನಿಗೆ ಅಂದು ಏಣಿ ಸಿಕ್ಕಿರಲಿಲ್ಲವೇನೋ. ಕೈಗೆ ನಿಲುಕಿದಲ್ಲಿ ಹಗ್ಗ ಕತ್ತರಿಸಿಕೊಂಡು ಹೋಗಿದ್ದ. ಕಳಚಿ ಬಿದ್ದ ಎಡಗಡೆಯ ರಿಂಗಿನಲ್ಲೂ ಗಂಟು ಕಾಣುತ್ತಿತ್ತು.

"ಅಮ್ಮಾರ, ಒಂದು ಏಣಿ ಸಿಗತೈತೇನ್ರಿ?"

ಗಿರಣಿಯಿಂದ ಏಣಿ ತರಿಸಿದರು. ಮನೆಯ ಕೆಲಸದಾತ ಹಿಡಿದುಕೊಂಡ, ನಾನು ಹತ್ತಿದೆ.

ಗಂಟು ಇತ್ತು. ನಾನು ಹಾಕಿದ್ದ ಹಾಗೆಯೇ ಇತ್ತು. ಕೊನೆಯ ಸುತ್ತು ಒಳಗೆ ಹೋಗಿತ್ತು, ಕುಣಿಕೆ ಕದಲಿರಲಿಲ್ಲ. ಇಷ್ಟು ದಿನದ ಭಾರಕ್ಕೆ ಅದು ಇನ್ನಷ್ಟು ಕೂತು ಕಗ್ಗಂಟಾಗಿತ್ತು. ಅದರ ಕೆಳಗೆ ಎರಡು ಕಾಲು. ಒಂದು ಉದ್ದಕ್ಕೆ ಜೋತುಬಿದ್ದಿತ್ತು, ಚಾಕುವಿನಿಂದ ಕತ್ತರಿಸಿದ್ದು, ತುದಿ ನೇರ. ಇನ್ನೊಂದು ಗಂಟಿನ ಬುಡದಲ್ಲೇ ಕಿತ್ತಿತ್ತು, ತುದಿಯೆಲ್ಲ ಎಳೆ ಎಳೆ, ಒಂದು ಉದ್ದ, ಒಂದು ಗಿಡ್ಡ.

ಯಾವ ಹಗ್ಗವಾದರೂ ಹರಿಯುವುದು ಹೀಗೆಯೇ. ಗಂಟಿನೊಳಗೆ ಅದು ಬಾಗಿರುತ್ತದೆ, ಬಾಗಿದ ಕಡೆಯೇ ಎಲ್ಲ ಜಗ್ಗಾಟ. ಸತ್ವವಿಲ್ಲದ ಹಗ್ಗ ಮೊದಲು ಸೋಲುವುದು ಗಂಟಿನ ಬುಡದಲ್ಲೇ. ದೂರದಿಂದ ನೋಡಿದವರಿಗೆ ಗಂಟಿನ ಹತ್ತಿರ ಕಿತ್ತದ್ದರಿಂದ ಗಂಟೇ ಕೈಕೊಟ್ಟ ಹಾಗೆ ಕಾಣುತ್ತದೆ. ತಮ್ಮ ದೂರದಿಂದ ನೋಡಿದವನಲ್ಲ. ಅವನಿಗೆ ಇದು ಗೊತ್ತಿತ್ತು.

ದಬ್ಬಳ ಹಾಕಿ ಗಂಟನ್ನು ಬಿಡಿಸಲು ಬಹಳ ಹೊತ್ತು ಹಿಡಿಯಿತು. ಕೆಳಗಿಳಿದು ಹಗ್ಗದ ಹುರಿಯನ್ನು ಉಲ್ಟಾ ತಿರುವಿ ಬಿಚ್ಚಿದೆ. ಮೇಲಿನ ಪದರ ಬಿಳಿ. ಒಳಗಿನ ಎಳೆಗಳಲ್ಲಿ ನೀಲಿ, ಕೆಂಪು, ಹಸಿರು ಚುಕ್ಕೆಗಳು, ಹಳೆ ಬಟ್ಟೆ ಹರಿದು ಅರೆದು ಮತ್ತೆ ನೂತದ್ದು. ಒಂದು ಎಳೆಯನ್ನು ಎರಡು ಬೆರಳಲ್ಲಿ ಹಿಡಿದು ಜಗ್ಗಿದೆ. ಸದ್ದಿಲ್ಲದೆ ಬೇರ್ಪಟ್ಟಿತು. ಒಳ್ಳೆಯ ಅರಳೆಯ ಎಳೆ ಟಪ್ಪೆನ್ನುತ್ತದೆ, ಉದ್ದುದ್ದ ನಾರು ಬಿಡುತ್ತದೆ. ಇದರ ನಾರು ಉಗುರಿನಷ್ಟೂ ಇರಲಿಲ್ಲ.

"ಅಮ್ಮಾರ, ಗಂಟು ಜಾರಿಲ್ರಿ. ಹಗ್ಗ ಹರದೈತಿ. ನೋಡ್ರಿಲ್ಲೆ" ಎಂದು ತೋರಿಸಿದೆ. ನನ್ನ ದನಿಯಲ್ಲಿ ಎಲ್ಲೋ ಸಮಾಧಾನವಿತ್ತೆಂದು ಕಾಣುತ್ತದೆ.

ಅವರು ಆ ಎಳೆಗಳನ್ನು ಬಲಗೈಯಲ್ಲಿ ತೆಗೆದುಕೊಂಡು ನೋಡಿದರು. "ಈ ಹಗ್ಗ ಯಾರು ತಂದ್ರು?"

"ನನ್ನ ತಮ್ಮ."

"ಕಟ್ಟಿದಾಕಿ?"

"ನಾನ್ರಿ."

"ಮತ್ತ ನನಗೇನು ಫರಕ ಆತವಾ? ನಾ ಅವನ್ನ ನಂಬಿ ಕುಂತಿರಲಿಲ್ಲ. ನಿನ್ನ ನಂಬಿ ಕುಂತಿದ್ದೆ."

ಸಿಟ್ಟಿನಿಂದ ಹೇಳಿದ್ದಲ್ಲ. ಹಗ್ಗದ ತುಂಡನ್ನು ಚೀಲದಲ್ಲಿ ಹಾಕಿಕೊಂಡು ಎದ್ದೆ. ಬಾಗಿಲವರೆಗೂ ಅವರು ಬರಲಿಲ್ಲ. ಬಸ್ಸಿನಲ್ಲಿ ಕೂತಾಗ ಯಲಬುರ್ಗಾದ ಶಾಲೆ ನೆನಪಾಯಿತು.

ಭಾಗ್ಯನಗರಕ್ಕೆ ಹೋಗಲಿಲ್ಲ, ಕೊಪ್ಪಳದಲ್ಲಿ ಇಳಿದು ನೇರ ತವರಿಗೆ ಹೋದೆ. ತಮ್ಮ ಅಂಗಡಿಯ ಬೋರ್ಡು ಬರೆಸಿಕೊಂಡು ಬಂದು ಪಡಸಾಲೆಯಲ್ಲಿ ಒಣಗಲು ಇಟ್ಟಿದ್ದ. ಅವ್ವ ಅಲ್ಲೇ ಅಕ್ಕಿ ಆರಿಸುತ್ತಿದ್ದಳು. ಹಗ್ಗದ ತುಂಡನ್ನು ಅವನ ಮುಂದೆ ಇಟ್ಟೆ.

"ಇದು ಯಾವ ಹಗ್ಗ?"

"ನಾವು ಯಾವಾಗಲೂ ತರೂದ."

"ಬಿಚ್ಚಿ ನೋಡೀನಿ."

ಅವನು ಅವ್ವನ ಕಡೆ ನೋಡಿದ, ಆಮೇಲೆ ನೆಲ ನೋಡಿದ. "ಆ ಮಾಲು ಎರಡನೇ ಸಲ ಬರಲಿಲ್ಲಕ್ಕ. ಇಲ್ಲೇ ಒಬ್ಬಾವ ಕೊಟ್ಟ. ಬಣ್ಣ ಒಂದ ಇತ್ತು, ದಪ್ಪ ಒಂದ ಇತ್ತು."

"ಹಳೇ ಬಟ್ಟಿದು ಅಂತ ಗೊತ್ತಿತ್ತೇನು?"

"ಹೇಳಿದ್ದ. ಗ್ವಾಡಿಗೆ ತೂಗುಹಾಕೂವಂಥಾದ್ದಕ್ಕ ನಡೀತೈತಿ ಅಂದಿದ್ದ."

"ಅದಕ್ಕ, ಒಳಗಿನ ಬಣ್ಣ ಕಾಣಬಾರದಂತ ತುದಿಗೆ ಟೇಪು ಸುತ್ತಿಸಿದಿ."

ಅವನು ಆ ತುಂಡನ್ನು ನನ್ನ ಕಡೆಗೆ ಸರಿಸಿದ. "ಹೇಳಿದ್ರ ನೀ ಕಟ್ಟತಿರಲಿಲ್ಲ" ಎಂದ.

ಇಷ್ಟಕ್ಕೇ ಮುಗಿದಿದ್ದರೆ ನಾನು ಬೈದು, ಅತ್ತು, ಮತ್ತೆ ಸರಿಯಾಗುತ್ತಿದ್ದೆನೋ ಏನೋ. ಅವಸರಕ್ಕೆ ಬಿದ್ದ, ಬುದ್ಧಿ ಕೆಟ್ಟಿತು ಎಂದುಕೊಳ್ಳುತ್ತಿದ್ದೆ. ಆದರೆ ನಾನು ಕೇಳಬೇಕಿದ್ದದ್ದು ಬೇರೆ.

"ಹಗ್ಗದ್ದು ಬಿಡು. ಜಾರೇತಿ ಅಂತ ಯಾಕ ಅಂದಿ? ಹರದೈತಿ ಅಂತ ನಿನಗ ಗೊತ್ತಿರಲಿಲ್ಲೇನು?"

"ಗೊತ್ತಿತ್ತು." ಈಗ ಅವನು ನನ್ನ ಮುಖ ನೋಡಿಯೇ ಮಾತಾಡಿದ. ವಿವರಿಸಿ ಹೇಳಿದರೆ ನನಗೆ ತಿಳಿಯುತ್ತದೆ ಎನ್ನುವ ಹಾಗೆ. "ನೋಡಕ್ಕ, ಹಗ್ಗ ಹರದೈತಿ ಅಂದ್ರ ಎಲ್ಲಾ ಕಡಿಯಿಂದ ಮಾಲು ತಂದು ನನ್ನ ಮುಂದ ಒಗೀತಾರ. ಅಂಗಡಿ ತೆಗಿಯೂಕಿಂತ ಮೊದಲ ಮುಚ್ಚಬೇಕು. ಗಂಟು ಜಾರೇತಿ ಅಂದ್ರ ಒಂದು ಮನಿ ಮಾತು. ನೀ ಹೋಗಿ ಮತ್ತೊಮ್ಮಿ ಬಿಗದು ಬರತಿ, ಮುಗೀತು. ಹೆಣ್ಮಗಳು, ಕೈ ತಪ್ಪೇತಿ ಅಂತ ಅವರೂ ಬಿಡತಾರ."

"ನನ್ನ ಕೇಳಬೇಕು ಅನಸಲಿಲ್ಲೇನು?"

"ನೀ ನನ್ನ ಅಕ್ಕ. ಕೇಳೂದೇನೈತಿ?"

ಅವ್ವ ಮೊರವನ್ನು ಕೆಳಗಿಟ್ಟಳು. "ಸಾಕು ಬಿಡ್ರಿ. ಮನಿ ಮಾತು ಮನ್ಯಾಗ ಇರಲಿ. ಮುಂದಿನ ವಾರ ಅಂಗಡಿ ಪೂಜಿ ಐತಿ" ಎಂದಳು.

"ಯಲಬುರ್ಗಾದ್ದು ಯಾವ ಹಗ್ಗ?" ಎಂದು ಕೇಳಿದೆ.

ಅವನು ಬೋರ್ಡಿನ ಬಣ್ಣ ಒಣಗಿದೆಯೇ ಎಂದು ಬೆರಳಿಟ್ಟು ನೋಡಿದ. ಮತ್ತೆ ಕೇಳಿದೆ.

"ಇದ. ಆದ್ರ ಅಲ್ಲಿ ಸಣ್ಣ ಹುಡುಗರು ಕುಂದ್ರೂದು. ಏನೂ ಆಗೂದಿಲ್ಲ."

"ಕುಷ್ಟಗಿದು?" ಕುಷ್ಟಗಿಯ ಒಬ್ಬ ನಿವೃತ್ತ ಬ್ಯಾಂಕ್ ನೌಕರರ ಮನೆಗೂ ಅದೇ ವರ್ಷ ಒಂದು ಜೋಕಾಲಿ ಮಾಡಿ ಕೊಟ್ಟಿದ್ದೆ.

"ಅದು ಹಳೇ ಮಾಲು. ಛಲೋ ಐತಿ. ಅದನ್ನ ಮುಟ್ಟಬ್ಯಾಡ."

ಅವನ ಒಂದು ಮಾತನ್ನು ನಂಬಿ ಇನ್ನೊಂದನ್ನು ಬಿಡುವುದು ಹೇಗೆಂದು ತಿಳಿಯಲಿಲ್ಲ. ಎರಡನ್ನೂ ಇಳಿಸಿಯೇ ತೀರುತ್ತೇನೆ, ಹೋದಲ್ಲಿ ಬಾಯಿಬಿಟ್ಟು ಕಾರಣ ಹೇಳಿಯೇ ಇಳಿಸುತ್ತೇನೆ ಎಂದು ಅಲ್ಲೇ ಹೇಳಿದೆ. ನಿನ್ನ ಹೆಸರೂ ಹೋಗುತ್ತದೆ ಎಂದ. ಹೋಗಲಿ ಎಂದೆ.

ಮರುದಿನ ಯಲಬುರ್ಗಾಕ್ಕೆ ಹೋದೆ. ಶಾಲೆ ನಡೆಸುವ ಅಕ್ಕೋರು ಮೊದಲು ಒಪ್ಪಲಿಲ್ಲ. "ಇಷ್ಟು ದಿವಸ ಏನೂ ಆಗಿಲ್ಲಲ್ರಿ. ಹುಡುಗರು ಅದಕ್ಕಂತನ ಸಾಲಿಗೆ ಬರತಾವ" ಎಂದರು. ನಾನು ಒಂದು ಕಾಲಿನ ಹೂಗಂಟುಗಳನ್ನು ಕೆಳಗಿನಿಂದ ಮೇಲಿನವರೆಗೆ ಒಂದೊಂದಾಗಿ ಬಿಚ್ಚಿದೆ. ಒಳಗಿನ ಹಗ್ಗ ಕಾಣಿಸಿತು. ಗಂಟಿನ ಬುಡದಲ್ಲಿ ಆಗಲೇ ಒಂದು ಎಳೆ ಕಿತ್ತು ಬಣ್ಣಬಣ್ಣದ ಜುಂಗು ಹೊರಗೆ ಬಂದಿತ್ತು. ಅಕ್ಕೋರು ಅದನ್ನು ಮುಟ್ಟಿ ನೋಡಿ ಮುಖ ಬಿಳಚಿಕೊಂಡರು. ಹೆದರಿಕೆ ಇಳಿದ ಮೇಲೆ ಸಿಟ್ಟು ಬಂತು. "ನೀವ ಕಟ್ಟಿ, ನೀವ ಹೇಳಾಕ ಬಂದೀರಿ. ನಾಳಿ ಒಂದು ಹುಡುಗ ಬಿದ್ದಿದ್ರ ತಂದಿತಾಯಿಗೆ ನಾ ಏನು ಹೇಳಬೇಕಿತ್ತು?" ನಾನು ತಲೆ ತಗ್ಗಿಸಿ ಜೋಕಾಲಿ ಇಳಿಸಿದೆ. ಮಕ್ಕಳು ಸಾಲಾಗಿ ಕೂತು ನೋಡಿದವು. ಹೊರೆಗಂಟುಗಳು ಬಿಚ್ಚಲಿಲ್ಲ, ಕತ್ತರಿಯಿಂದ ಕತ್ತರಿಸಬೇಕಾಯಿತು. ನನ್ನ ಗಂಟನ್ನು ನಾನೇ ಕತ್ತರಿಸಿದ್ದು ಅದೇ ಮೊದಲು.

ಕುಷ್ಟಗಿಯ ಮನೆಯಲ್ಲಿ ಆ ಹಿರಿಯರು ಬಾಗಿಲಲ್ಲೇ ನಿಂತು ಬಹಳ ಮೆತ್ತಗೆ ಮಾತಾಡಿಸಿದರು. ಕೂರಿಸಿದರು, ನೀರು ಕೊಟ್ಟರು. ನಾನು ಹಗ್ಗದ ವಿಷಯ ಎತ್ತಿದೆ. "ನೋಡ್ರಿ, ನೋಡ್ರಿ, ನಿಮ್ಮ ಸಮಾಧಾನಕ್ಕ ನೋಡ್ರಿ" ಎಂದರು. ಹಾಗೆ ಯಾಕೆ ಹೇಳಿದರೆಂದು ಆಗ ತಿಳಿಯಲಿಲ್ಲ. ಹೂಗಂಟು ಬಿಚ್ಚುತ್ತ ಬಂದೆ. ಆ ಜೋಕಾಲಿಗೆ ಬರೀ ಜೋಡುಗಂಟು ಹಾಕಿದ್ದೆ, ಹತ್ತಿರ ಹತ್ತಿರ. ಬೆರಳು ನೋಯುತ್ತಿದ್ದವು. ಒಳಗಿನ ಹಗ್ಗ ಬಂತು. ಹುರಿ ಬಿಡಿಸಿದೆ, ಎಳೆ ತೆಗೆದೆ, ಜಗ್ಗಿದೆ. ಟಪ್ಪೆಂದಿತು. ಉದ್ದ ಬಿಳಿ ನಾರು. ಇನ್ನೊಂದು ಕಾಲು ನೋಡಿದೆ, ಮತ್ತೊಂದು ನೋಡಿದೆ. ಎಲ್ಲ ಗಟ್ಟಿಮುಟ್ಟು. ಇದರ ಮಟ್ಟಿಗೆ ತಮ್ಮ ನಿಜವನ್ನೇ ಹೇಳಿದ್ದ.

"ಛಲೋ ಐತಲ್ರಿ?" ಎಂದರು ಹಿರಿಯರು.

"ಛಲೋ ಐತ್ರಿ."

"ನಿಮ್ಮ ತಮ್ಮ ಫೋನ್ ಮಾಡಿದ್ದ. ಗಂಗಾವತಿಯಾಗ ಏನೋ ಆದಮ್ಯಾಲ ಅಕ್ಕಗ ತಲಿ ಸ್ವಲ್ಪ ಸರಿ ಇಲ್ಲ, ಬಂದು ಬಿಚ್ಚತೀನಿ ಅಂತಾಳ, ಮನಸಿಗೆ ಹಚ್ಚಿಕೊಬ್ಯಾಡ್ರಿ ಅಂದ. ನಿಮ್ಮ ಮ್ಯಾಲ ಭಾಳ ಜೀವ ಅವಂಗ."

ಬಿಚ್ಚಿದ ಹುರಿ ನನ್ನ ಮಡಿಲಲ್ಲಿ ರಾಶಿಯಾಗಿ ಬಿದ್ದಿತ್ತು. ನನ್ನ ತಲೆ ಸರಿಯಿದೆ ಎಂದು ಹೇಳಬಹುದಿತ್ತು. ಆದರೆ ಚೆನ್ನಾಗಿದ್ದ ಜೋಕಾಲಿಯನ್ನು ಬಿಚ್ಚಿ ಹರವಿಕೊಂಡು ಕೂತವಳ ಬಾಯಲ್ಲಿ ಆ ಮಾತು ಹೇಗೆ ಕೇಳಿಸುತ್ತದೆ? ಯಲಬುರ್ಗಾದ ತುಂಡನ್ನು ಚೀಲದಿಂದ ತೆಗೆದು ತೋರಿಸಿದೆ. ಅವರು ಹೂಂ ಹೂಂ ಎಂದು ನೋಡಿದರು, ಮಕ್ಕಳು ತೋರಿಸಿದ ಚಿತ್ರ ನೋಡುವ ಹಾಗೆ. ಅದನ್ನು ಮತ್ತೆ ಚೀಲಕ್ಕೆ ಹಾಕಿ, ತಲೆ ಬಗ್ಗಿಸಿ ಹೆಣೆಯಲು ಶುರು ಮಾಡಿದೆ. ಎಡದಿಂದ ಒಂದು, ಬಲದಿಂದ ಒಂದು. ಒಮ್ಮೆ ಬಳಸಿದ ಹುರಿ ಮಡಿಕೆಬಿದ್ದಿರುತ್ತದೆ, ಮೊದಲಿನಷ್ಟು ನೇರ ಕೂರುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ ಒರೆಸಿ ಹೆಣೆದೆ. ಅವರ ಹೆಂಡತಿ ನಡುವೆ ಬಂದು ಊಟಕ್ಕೆ ಕರೆದರು, ಒಲ್ಲೆ ಎಂದೆ. ಇಬ್ಬರೂ ನನ್ನನ್ನು ಕನಿಕರದಿಂದ ನೋಡುತ್ತಿದ್ದರು. ಬೈಗುಳವನ್ನು ಯಲಬುರ್ಗಾದಲ್ಲಿ ತಡೆದುಕೊಂಡಿದ್ದೆ. ಈ ಕನಿಕರವನ್ನು ತಡೆದುಕೊಳ್ಳುವುದು ಕಷ್ಟವಾಯಿತು. ಸಂಜೆಗೆ ಮುಗಿಸಿ, ಅದರ ಮೇಲೆ ನಾನೇ ಒಮ್ಮೆ ಕೂತು ನೋಡಿ, ಬಸ್ ನಿಲ್ದಾಣಕ್ಕೆ ನಡೆದೆ.

ತಮ್ಮನ ಅಂಗಡಿ ಪೂಜೆಗೆ ನಾನು ಹೋಗಲಿಲ್ಲ. ಅಂಗಡಿ ಚೆನ್ನಾಗಿ ನಡೆದಿದೆ ಎಂದು ಕೇಳಿದ್ದೇನೆ. ಜೋಕಾಲಿಗಳನ್ನು ಹೊರಗಿನಿಂದ ತರಿಸಿ ಮಾರುತ್ತಾನಂತೆ. ಗಿರಾಕಿಗಳಿಗೆ ಸುರುಳಿಗಂಟು, ಜೋಡುಗಂಟು ಎಂದು ವಿವರಿಸುತ್ತಾನಂತೆ. ನನ್ನ ಹತ್ತಿರ ಜೋಕಾಲಿ ಕೇಳಿಕೊಂಡು ಆಮೇಲೆ ಯಾರೂ ಬರಲಿಲ್ಲ. ಭಾಗ್ಯನಗರದ ಒಬ್ಬರು ನನ್ನ ಎದುರಿಗೇ ಇನ್ನೊಬ್ಬರಿಗೆ, "ಆಕಿ ಕೈಯಾಗ ಮೊದಲಿನ ಬಿಗಿ ಇಲ್ಲಂತ" ಎಂದರು. ಬಾಗಿಲ ತೋರಣ, ಗೊಂಡೆ, ಕುಂಡ ತೂಗುಹಾಕುವ ನೆಲುವು ಮಾಡಿ ಕೊಡುತ್ತೇನೆ. ನೂಲನ್ನು ನಾನೇ ಹೋಗಿ ತರುತ್ತೇನೆ. ಹಿತ್ತಲಿನಲ್ಲಿ ನಮ್ಮ ಮನೆಯವರು ಒಂದು ತುದಿ ಹಿಡಿದರೆ ಇನ್ನೊಂದು ತುದಿಯಿಂದ ನಾನು ಹುರಿ ಹೊಸೆಯುತ್ತೇನೆ. ನಿಧಾನದ ಕೆಲಸ.

ಮುಂದಿನ ಶ್ರಾವಣದಲ್ಲಿ ನಾಗರ ಪಂಚಮಿಗೆ ಮೂರ್ನಾಲ್ಕು ದಿನ ಇರುವಾಗ ತಮ್ಮ ಹಬ್ಬಕ್ಕೆ ತವರಿಗೆ ಕರೆಯಲು ಬಂದ. ಕೈಯಲ್ಲಿ ಒಂದು ಪೊಟ್ಟಣವಿತ್ತು. ಚಹಾ ಮಾಡಿ ಕೊಟ್ಟೆ. ಮಳೆ ಬೆಳೆ, ಅವ್ವನ ಸಕ್ಕರೆ ಕಾಯಿಲೆ, ಓಣಿಯ ಸುದ್ದಿ ಎಲ್ಲ ಮಾತಾಡಿದ. ಅದೊಂದನ್ನು ಬಿಟ್ಟು.

"ಬಾ ಅಕ್ಕಾ. ನೀ ಬರದಿದ್ರ ಉಂಡಿ ಕಟ್ಟೂದಿಲ್ಲ ಅಂತಾಳ ಅವ್ವ."

"ಬರತೀನಿ. ಮೊದಲ ನೀ ಕುಷ್ಟಗಿಗೆ ಫೋನ್ ಮಾಡು, ನಮ್ಮಕ್ಕನ ತಲಿ ಸರಿ ಐತಿ ಅಂತ ಹೇಳು. ಗಂಗಾವತಿಗೆ ಹೋಗಿ ಅಮ್ಮಾರ ಮುಂದ ನಿಂತು, ನಾ ಸುಳ್ಳು ಹೇಳಿದ್ದೆ ಅಂತ ಹೇಳು."

"ಮುಗದ ಮಾತು ಅದು. ಜನ ಯಾವಾಗೋ ಮರತಾರ."

"ಮರತಿಲ್ಲ. ನಂಬ್ಯಾರ."

ಅವನು ಲೋಟ ಕೆಳಗಿಟ್ಟ. ನಾನು ಕಾದೆ. ಹೊರಗೆ ಯಾರದೋ ಮನೆಯ ಮಗ್ಗದ ಸದ್ದು ಬರುತ್ತಿತ್ತು. ಅವನು ಎದ್ದು ಚಪ್ಪಲಿ ಮೆಟ್ಟಿಕೊಂಡ, ಪೊಟ್ಟಣವನ್ನು ಕುರ್ಚಿಯ ಮೇಲೆ ಬಿಟ್ಟ. ನಾನು ಅದನ್ನೆತ್ತಿಕೊಂಡು ಅವನ ಗಾಡಿಯವರೆಗೆ ಹೋಗಿ ಮುಂದೆ ಹಿಡಿದೆ.

"ಅದು ನಂದಲ್ಲ" ಎಂದ. "ಕುಬಸದ ಖಣ. ಅವ್ವ ಬಜಾರಿಗೆ ಹೋಗಿ ತಾನ ಆರಿಸಿ ತಂದಾಳ."

ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ಅವನು ಗಾಡಿ ಚಾಲೂ ಮಾಡಿಕೊಂಡು ಹೋದ.

ಪಂಚಮಿಯ ದಿನ ನನ್ನ ಮನೆಯಲ್ಲೇ ಒಲೆ ಹಚ್ಚಿ ಶೇಂಗಾ ಉಂಡಿ ಕಟ್ಟಿದೆ. ಮದುವೆಯಾದ ಮೇಲೆ ತವರಿಗೆ ಹೋಗದ ಮೊದಲ ಪಂಚಮಿ ಅದು. ಮಧ್ಯಾಹ್ನ ಅವ್ವ ಫೋನ್ ಮಾಡಿದಳು. "ಖಣ ಹೊಲಿಸಿಕೊಂಡೇನು?" ಎಂದು ಕೇಳಿದಳು. "ಹೊಲಿಸ್ತೀನವ್ವಾ" ಎಂದೆ. ಬಣ್ಣ ಹಿಡಿಸಿತೇ ಎಂದು ಕೇಳಿದಳು. ಹಿಡಿಸಿತು ಎಂದೆ. ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಫೋನ್ ಇಡದೆ ಹಾಗೇ ಕೂತಿದ್ದೆವು.